ಸಸಿ ನೋಡಿ ಜೋಳದ ತಳಿ ಆರಿಸಬಹುದಾ?

ಎಲ್ಲರಿಗೂ ಶರಣು.

ಕಡಿಮೆ ಸಾರಜನಕದಲ್ಲೂ ಚೆನ್ನಾಗಿ ಬೆಳೆಯುವ ಬಿಳಿಜೋಳದ ತಳಿಯನ್ನು ಸಸಿಯಲ್ಲೇ ಗುರುತಿಸಬಹುದಾ ಅನ್ನೋದು ಇವತ್ತಿನ ಮಾತು. ಕಲಬುರಗಿಯಲ್ಲಿ ನಿಂತು ತೊಗರಿ ಬಿಟ್ಟು ಬೇರೆ ಬೆಳೆಯ ಮಾತಾಡೋದು ಸ್ವಲ್ಪ ಧೈರ್ಯದ ಕೆಲಸವೇ. ಆದರೆ ತೊಗರಿಗೆ ಸಾರಜನಕದ ಚಿಂತೆ ಕಡಿಮೆ. ಬೇರಿನ ಗಂಟಿನಲ್ಲಿರುವ ಬ್ಯಾಕ್ಟೀರಿಯಾ ಗಾಳಿಯಿಂದಲೇ ಹಿಡಿದು ಕೊಡುತ್ತವೆ. ಬಿಳಿಜೋಳಕ್ಕೆ ಆ ಸೌಕರ್ಯ ಇಲ್ಲ. ಮಣ್ಣಲ್ಲಿ ಇದ್ದದ್ದು, ನೀವು ಹಾಕಿದ್ದು, ಅಷ್ಟೇ.

ಹಿಂಗಾರಿ ಜೋಳವನ್ನು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತುತ್ತೇವೆ. ಆಮೇಲೆ ಮಳೆ ಬಂದರೆ ಬಂತು. ಎರೆ ಭೂಮಿಯ ಮೇಲ್ಮಣ್ಣು ಮೊದಲು ಒಣಗುತ್ತದೆ. ಬೇರು ತೇವ ಹುಡುಕಿಕೊಂಡು ಕೆಳಗೆ ಹೋಗುತ್ತದೆ, ಗೊಬ್ಬರ ಮೇಲೆಯೇ ಉಳಿಯುತ್ತದೆ. ಒಣ ಮಣ್ಣಿನ ಗೊಬ್ಬರ ಬೇರಿಗೆ ಸಿಗದು. 45 ಕೆಜಿ ಯೂರಿಯಾ ಚೀಲದಲ್ಲಿ ಸಾರಜನಕ ಇರುವುದೇ 21 ಕೆಜಿಗಿಂತ ಸ್ವಲ್ಪ ಕಮ್ಮಿ. ಅದನ್ನು ಸುಮ್ನೆ ಮೇಲೆ ಚೆಲ್ಲಿದರೆ, ನಮ್ಮ ಕ್ಷಾರ ಮಣ್ಣಲ್ಲಿ ಒಂದಿಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಅಂದರೆ ಮೇಲ್ಮಣ್ಣು ಹಸಿ ಇರುವ ಮೊದಲ ಕೆಲವು ವಾರಗಳಲ್ಲೇ ಎಳೆದುಕೊಳ್ಳುವ ತಳಿ ನಮಗೆ ಬೇಕು. ಅದಕ್ಕೇ ಸಸಿಯಲ್ಲೇ ಪರೀಕ್ಷೆ.

ಮಾಡುವುದು ಹೀಗೆ. ತೊಳೆದ ಮರಳಿನ ಕುಂಡದಲ್ಲಿ ಬೀಜ ಹಾಕುತ್ತಾರೆ. ಒಂದು ಸಾಲಿಗೆ ಪೂರ್ತಿ ಸಾರಜನಕ, ಇನ್ನೊಂದಕ್ಕೆ ಅದರ ಒಂದು ಪಾಲು ಮಾತ್ರ. ಉಳಿದ ಪೋಷಕಾಂಶ ಎರಡಕ್ಕೂ ಸಮ. ಇಲ್ಲಿ ಅವಸರ ಮಾಡಬಾರದು. ಮೊದಮೊದಲು ಸಸಿ ಬೀಜದೊಳಗಿನ ಬುತ್ತಿ ಉಂಡೇ ಬೆಳೆಯುತ್ತದೆ. ದಪ್ಪ ಕಾಳಿನ ಸಸಿ ಆಗ ಎದ್ದು ಕಾಣುತ್ತದೆ; ಅದು ಬೇರಿನ ಶಕ್ತಿ ಅಲ್ಲ. ಬುತ್ತಿ ಮುಗಿದ ಮೇಲೆ, ಮೂರು ನಾಲ್ಕು ವಾರಕ್ಕೆ ಕಿತ್ತು, ಬೇರು ತೊಳೆದು, ಒಣಗಿಸಿ, ತೂಗಬೇಕು. ಸಾರಜನಕ ಸಾಲದಿದ್ದರೆ ಹಳೆ ಎಲೆ ಮೊದಲು ಹಳದಿ ಆಗುತ್ತದೆ. ಗಿಡ ಅಲ್ಲಿಂದ ತೆಗೆದು ಹೊಸ ಎಲೆಗೆ ಸಾಗಿಸುತ್ತದೆ, ಹಾಗಾಗಿ ಕೆಳಗಿನ ಎಲೆ ನೋಡಬೇಕು.

ಗಿಡ ಸಾರಜನಕವನ್ನು ಎಷ್ಟು ಚೆನ್ನಾಗಿ ಬಳಸುತ್ತದೆ ಅನ್ನೋ ಲೆಕ್ಕವನ್ನು 1982ರಲ್ಲಿ ಅಮೆರಿಕದ ಮೆಕ್ಕೆಜೋಳ ವಿಜ್ಞಾನಿಗಳು ಎರಡು ಭಾಗ ಮಾಡಿದರು: ಗಿಡ ಮಣ್ಣಿನಿಂದ ಎಷ್ಟು ಎಳೆದುಕೊಂಡಿತು, ಎಳೆದುಕೊಂಡದ್ದರಲ್ಲಿ ಎಷ್ಟು ಕಾಳು ಮಾಡಿತು. ಸಸಿಯಲ್ಲಿ ಕಾಳು ಇಲ್ಲ. ಮೊದಲನೆಯದು ಚೆನ್ನಾಗಿ ಕಾಣುತ್ತದೆ, ಎರಡನೆಯದರ ಸುಳಿವಷ್ಟೇ ಸಿಗುತ್ತದೆ.

ಇನ್ನೊಂದು ಮೋಸ ಇದೆ. ಒಂದು ತಳಿ ಎರಡೂ ಕುಂಡದಲ್ಲಿ 2 ಗ್ರಾಂ ಬೆಳೆಯಿತು ಅಂದುಕೊಳ್ಳಿ. ಇನ್ನೊಂದು ಪೂರ್ತಿ ಗೊಬ್ಬರದಲ್ಲಿ 5, ಕಡಿಮೆ ಗೊಬ್ಬರದಲ್ಲಿ 3.5. ಶೇಕಡಾವಾರು ನೋಡಿದರೆ ಮೊದಲನೆಯದು ಏನೂ ಕಳೆದುಕೊಂಡಿಲ್ಲ, ಅದೇ ಗೆದ್ದಿದೆ! ಆದರೆ ಅದು ಸೋಮಾರಿ ತಳಿ, ಗೊಬ್ಬರ ಕೊಟ್ಟರೂ ಏಳುವುದಿಲ್ಲ. ನನ್ನ ಮತ ಎರಡನೆಯದಕ್ಕೆ.

ಹಾಗಂತ ಕುಂಡದಲ್ಲಿ ಗೆದ್ದದ್ದನ್ನೇ ಚೀಲಕ್ಕೆ ತುಂಬಿ ಹಂಚಬೇಕು ಅಂತ ನಾನು ಹೇಳುವುದಿಲ್ಲ. ಮರಳು ಬಿರಿಯುವುದಿಲ್ಲ, ಎರೆ ಬಿರಿಯುತ್ತದೆ. ಸಸಿ ಪರೀಕ್ಷೆಯಿಂದ ನೂರಾರು ತಳಿಗಳಲ್ಲಿ ಕೈಲಾಗದವನ್ನು ಬೇಗ, ಕಡಿಮೆ ಖರ್ಚಲ್ಲಿ ತೆಗೆದುಹಾಕಬಹುದು. ಉಳಿದವನ್ನು ನಮ್ಮ ಹಳೆಯ ಹಿಂಗಾರಿ ತಳಿ ಮಾಲ್ದಂಡಿಯ ಪಕ್ಕದಲ್ಲೇ ಬಿತ್ತಿ, ಗೊಬ್ಬರ ಹಾಕಿದ ಪಟ್ಟಿ, ಹಾಕದ ಪಟ್ಟಿ ಎರಡರಲ್ಲೂ ಎರಡು ಮೂರು ಹಿಂಗಾರು ನೋಡಬೇಕು. ಕಾಳು ತೂಗಿದ ಹಾಗೇ ಕಣಕಿಯನ್ನೂ, ಅಂದರೆ ಒಣ ದಂಟನ್ನೂ, ತೂಗಬೇಕು. ಎತ್ತಿಗೆ ಮೇವಾಗದ ಜೋಳ ಎಷ್ಟೇ ಯೂರಿಯಾ ಉಳಿಸಿದರೂ ನೀವು ಬಿತ್ತುವುದಿಲ್ಲ, ಅಲ್ವಾ?