ಕಾರಿನ ಬಣ್ಣದ ಮೇಲೆ ನೀರಿನ ಕಲೆಗಳು

ಕೇಳುಗರೇ, ನಮಸ್ಕಾರ.

ಕಾರನ್ನು ಚೆನ್ನಾಗಿ ತೊಳೆದು ಬಿಸಿಲಿಗೆ ನಿಲ್ಲಿಸಿ, ಒಂದು ಗಂಟೆಯ ನಂತರ ಬಂದು ನೋಡಿದರೆ ಬಾನೆಟ್ಟಿನ ಮೇಲೆಲ್ಲ ಬಿಳಿಯ ಉಂಗುರಗಳೂ ಬಾಗಿಲಿನ ಹಿಡಿಯ ಕೆಳಗೆ ಉದ್ದನೆಯ ಗೆರೆಗಳೂ ಮೂಡಿರುತ್ತವೆ. ಶುದ್ಧವಾದ ನೀರು ಆರಿದರೆ ಹಿಂದೆ ಏನನ್ನೂ ಬಿಡುವುದಿಲ್ಲ. ಆದರೆ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ; ನೀರು ಆವಿಯಾಗುವಾಗ ಅವು ಹನಿಯ ಅಂಚಿಗೆ ಸರಿದು ಅಲ್ಲಿಯೇ ಗಟ್ಟಿಯಾಗುವುದರಿಂದ ಕಲೆಯ ನಡುವೆ ತೆಳುವಾಗಿಯೂ ಸುತ್ತ ದಟ್ಟವಾಗಿಯೂ ಕಾಣುತ್ತದೆ. ಗೆರೆಗಳ ಹುಟ್ಟು ಸ್ವಲ್ಪ ಬೇರೆ. ಪಕ್ಕದ ಕನ್ನಡಿ, ಬಾಗಿಲಿನ ಹಿಡಿ, ಕಿಟಕಿಯ ರಬ್ಬರ್ ಪಟ್ಟಿ ಇವುಗಳ ಸಂದಿಯಲ್ಲಿ ಉಳಿದ ನೀರು, ನಾವು ಒರೆಸಿ ಮುಗಿಸಿದ ಮೇಲೆ ನಿಧಾನವಾಗಿ ಇಳಿಯುತ್ತದೆ. ಸಂದಿಯ ಧೂಳನ್ನೂ ಸವೆದ ರಬ್ಬರಿನ ಕಪ್ಪನ್ನೂ ತನ್ನೊಡನೆ ತಂದು ಬಣ್ಣದ ಮೇಲೆ ದಾರಿ ಬರೆಯುತ್ತದೆ.

ಕಲೆ ಕಂಡೊಡನೆ ಒಣಬಟ್ಟೆಯಿಂದ ಬಲವಾಗಿ ಉಜ್ಜಲು ಕೈ ಹೋಗುವುದು ಸಹಜ, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಇಂದಿನ ಕಾರುಗಳಲ್ಲಿ ಬಣ್ಣವನ್ನು ಕಾಯುವ ಪಾರದರ್ಶಕ ಮೇಲ್ಪದರ, ಅಂದರೆ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್‌ಗಳಷ್ಟು ಮಾತ್ರ ದಪ್ಪವಿರುತ್ತದೆ. ಬರೆಯುವ ಕಾಗದದ ಒಂದು ಹಾಳೆ ಅದರ ಎರಡರಷ್ಟು ದಪ್ಪ. ಲವಣದ ಹರಳುಗಳನ್ನೂ ಧೂಳನ್ನೂ ಅದರ ಮೇಲೆ ಎಳೆದಾಡಿದರೆ ಕಲೆ ಹೋದರೂ ಸಣ್ಣ ಗೀರುಗಳು ಉಳಿಯುತ್ತವೆ.

ಕಾರನ್ನು ನೆರಳಿಗೆ ತಂದು, ಕೈಯಿಟ್ಟರೆ ತಣ್ಣಗೆನಿಸುವವರೆಗೆ ಕಾಯಿರಿ. ಬಳಿಕ ಕಾರಿಗೆಂದೇ ತಯಾರಾದ ಶಾಂಪೂವಿನಿಂದ ಮೇಲಿನಿಂದ ಕೆಳಕ್ಕೆ ತೊಳೆಯಿರಿ. ಕಪ್ಪು ಗೆರೆಗಳು ಹಾಗೂ ಹೊಸ ಕಲೆಗಳು ಬಹುಮಟ್ಟಿಗೆ ಇಷ್ಟರಲ್ಲೇ ಹೋಗುತ್ತವೆ. ಹೋಗದೆ ಉಳಿದ ಬಿಳಿಯ ಕಲೆಗಳಿಗೆ ಆಮ್ಲದ ಸಹಾಯ ಬೇಕು. ಬಿಳಿ ವಿನೆಗರ್‌ಗೆ ಅಷ್ಟೇ ಪ್ರಮಾಣದ ಬಟ್ಟಿ ಇಳಿಸಿದ ನೀರನ್ನು ಬೆರೆಸಿ, ಮೈಕ್ರೋಫೈಬರ್ ಬಟ್ಟೆಯನ್ನು ಅದರಲ್ಲಿ ಅದ್ದಿ, ಕಲೆಯ ಮೇಲೆ ಒಂದು ನಿಮಿಷ ಒದ್ದೆಯಾಗಿ ಹೊದಿಸಿಡಿ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವು ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸುವುದರಿಂದ ಬಟ್ಟೆಯನ್ನು ಎತ್ತಿ ಮೆಲ್ಲಗೆ ಒರೆಸಿದರೆ ಸಾಕಾಗುತ್ತದೆ. ಬಲವನ್ನು ಪ್ರಯೋಗಿಸುವ ಅಗತ್ಯವೇ ಬೀಳುವುದಿಲ್ಲ. ದ್ರಾವಣ ಬಣ್ಣದ ಮೇಲೆ ಒಣಗಲು ಬಿಡದೆ ಕೂಡಲೇ ನೀರು ಹಾಯಿಸಿ ತೊಳೆಯಬೇಕು. ಗೀರು ಬಿದ್ದು ಲೋಹ ಹೊರಗೆ ಕಾಣುವ ಜಾಗಕ್ಕೆ ಇದನ್ನು ಹಚ್ಚಬಾರದು. ಮೊದಲು ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಪ್ರಯೋಗಿಸಿ ನೋಡುವುದು ಒಳ್ಳೆಯದು.

ಇಷ್ಟಾದರೂ ಬೆಳಕಿಗೆ ಓರೆಯಾಗಿ ನೋಡಿದಾಗ ಉಂಗುರದ ಗುರುತು ಕಾಣುತ್ತಿದ್ದರೆ, ಅದು ಕ್ಲಿಯರ್ ಕೋಟನ್ನೇ ಕೊರೆದಿದೆ ಎಂದು ತಿಳಿಯಬೇಕು. ಇಂಥ ಗುರುತನ್ನು ತೊಳೆದು ತೆಗೆಯಲಾಗದು. ಪಾಲಿಶ್ ಹಾಕಿ ಸುತ್ತಲಿನ ಪದರವನ್ನೇ ಕೂದಲೆಳೆಯಷ್ಟೂ ಅಲ್ಲದ ಪ್ರಮಾಣದಲ್ಲಿ ತೇಯಬೇಕಾಗುತ್ತದೆ. ತೇದ ಪದರ ಮರಳಿ ಬರುವುದಿಲ್ಲವಾದ್ದರಿಂದ, ಆಳವಾದ ಗುರುತುಗಳನ್ನು ಪದರದ ದಪ್ಪವನ್ನು ಅಳೆದು ನೋಡಬಲ್ಲ ಅನುಭವಿಗಳ ಕೈಗೆ ಒಪ್ಪಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಕಲೆ ಬಾರದಂತೆ ತಡೆಯುವ ಕೆಲಸದಲ್ಲಿ ಒರೆಸುವುದಕ್ಕೇ ಮೊದಲ ಸ್ಥಾನ. ತೊಳೆದಾದ ಮೇಲೆ ಪೈಪಿನ ತುದಿಯ ನಳಿಕೆಯನ್ನು ಕಳಚಿ, ನೀರನ್ನು ಸಿಡಿಸದೆ ಚಾವಣಿಯಿಂದ ಮೆಲ್ಲಗೆ ಹರಿಯಬಿಟ್ಟರೆ ಹೆಚ್ಚಿನ ಹನಿಗಳು ಒಟ್ಟಾಗಿ ಜಾರಿಹೋಗುತ್ತವೆ. ದಪ್ಪನೆಯ ಮೈಕ್ರೋಫೈಬರ್ ಬಟ್ಟೆಯನ್ನು ಹಾಸಿ, ಒತ್ತಿ, ಉಳಿದ ನೀರನ್ನು ಹೀರಿಸಿ. ಆಮೇಲೆ ಬಾಗಿಲುಗಳನ್ನೂ ಡಿಕ್ಕಿಯನ್ನೂ ಒಮ್ಮೆ ತೆರೆದು ಮುಚ್ಚಿ, ಕನ್ನಡಿಯ ಸಂದಿಗೆ ಗಾಳಿ ಊದಿ, ಅಥವಾ ಕಾರನ್ನು ಸ್ವಲ್ಪ ದೂರ ಓಡಿಸಿ ತಂದು, ಸಂದಿಗಳಿಂದ ಇಳಿದ ನೀರನ್ನು ಮತ್ತೊಮ್ಮೆ ಒರೆಸಿ. ಈ ಎರಡನೆಯ ಒರೆಸುವಿಕೆಯನ್ನು ಬಿಟ್ಟುಬಿಡುವುದರಿಂದಲೇ ಬಾಗಿಲಿನ ಗೆರೆಗಳು ಮತ್ತೆ ಮತ್ತೆ ಬರುತ್ತವೆ.

ವ್ಯಾಕ್ಸ್ ಹಚ್ಚಿದರೆ ಲವಣವು ನೇರವಾಗಿ ಬಣ್ಣಕ್ಕೆ ಅಂಟುವುದು ತಪ್ಪುತ್ತದೆ. ವಿನೆಗರ್ ಬಳಸಿದ ಭಾಗದಲ್ಲಿ ಹಳೆಯ ವ್ಯಾಕ್ಸ್ ದುರ್ಬಲವಾಗಿರುವುದರಿಂದ ಅಲ್ಲಿ ಹೊಸದಾಗಿ ಹಚ್ಚಲೇಬೇಕು. ವ್ಯಾಕ್ಸಾಗಲಿ ಸೆರಾಮಿಕ್ ಲೇಪನವಾಗಲಿ ಇದ್ದರೆ ಇನ್ನು ಕಲೆಯೇ ಬಾರದು ಎಂದು ಹಲವರು ನಂಬಿದ್ದಾರೆ. ಲೇಪನದ ಮೇಲೆ ನೀರು ಗುಂಡನೆಯ ಹನಿಗಳಾಗಿ ನಿಲ್ಲುತ್ತದೆ. ಇಳಿಜಾರಿನಲ್ಲಿ ಅವು ಉರುಳಿಹೋಗುತ್ತವೆ ನಿಜ, ಆದರೆ ಚಾವಣಿಯಂಥ ಸಮತಟ್ಟಾದ ಭಾಗದಲ್ಲಿ ನಿಂತ ಕಡೆಯೇ ಆರಿ ಉಂಗುರಗಳಾಗುತ್ತವೆ. ಆದ್ದರಿಂದ ಲೇಪನವಿರುವ ಕಾರನ್ನೂ ತೊಳೆದೊಡನೆ ಒರೆಸಬೇಕು. ಗಿಡಗಳಿಗೆ ನೀರು ಚಿಮ್ಮಿಸುವ ತುಂತುರು ಕೊಳಾಯಿಯ ಪಕ್ಕದಲ್ಲಂತೂ ಅದನ್ನು ನಿಲ್ಲಿಸಬಾರದು.

ನಮಸ್ಕಾರ.