ಆಷಾಢದಲ್ಲಿ ಬಿಸಿಲು ಬೇಕಾದರೆ ಒಂದು ಸೇಬಿನ ಪೆಟ್ಟಿಗೆ

ನಮಸ್ಕಾರ. ಪಟಪಟ ಶಬ್ದ ಕೇಳಿಸುತ್ತಿದೆ ಅಲ್ವಾ? ಮೈಕಿನ ತಪ್ಪಲ್ಲ. ತೀರ್ಥಹಳ್ಳಿ, ಜುಲೈ ತಿಂಗಳು, ಲ್ಯಾಬಿನ ಮೇಲೆ ತಗಡಿನ ಶೀಟು.

ಪಿಯುಸಿ ಮಕ್ಕಳಿಗೆ ದ್ಯುತಿಸಂಶ್ಲೇಷಣೆ ತೋರಿಸಬೇಕು. ಹೈಡ್ರಿಲಾ ಅನ್ನುವ ನೀರುಗಿಡದ ಮೇಲೆ ಗಾಜಿನ ಆಲಿಕೆ ಮುಚ್ಚಿ, ಬಿಸಿಲಿಗಿಟ್ಟು, ಗುಳ್ಳೆ ಎಣಿಸುವುದು. ನಾನೂ ಹಾಗೇ ಕಲಿತದ್ದು. ಆದರೆ ಬಿಸಿಲು ಎಲ್ಲಿಂದ ತರಲಿ? ನೀರೊಳಗಿನ ಎಲೆ ಬೆಳಕಿದ್ದರೆ ಮಾತ್ರ ಒಳ್ಳೆಯ ಗಾಳಿ, ಅಂದರೆ ಆಮ್ಲಜನಕ, ಬಿಡುತ್ತದೆ ಅಂತ ಡಚ್ ವಿಜ್ಞಾನಿ ಯಾನ್ ಇಂಗೆನ್‌ಹೌಸ್ ತೋರಿಸಿದ್ದು 1779ರಲ್ಲಿ, ಇಂಗ್ಲೆಂಡಿನ ಬೇಸಿಗೆಯಲ್ಲಿ. ಜಾಣ. ಆಷಾಢದಲ್ಲಿ ನಮ್ಮೂರಿಗೆ ಬಂದಿದ್ದರೆ ಕೊಡೆ ಹಿಡಿದು ವಾಪಸ್ ಹೋಗುತ್ತಿದ್ದ.

ಅದಕ್ಕೇ ಈ ಪೆಟ್ಟಿಗೆ. ಸೇಬಿನದು, ಹಣ್ಣಿನಂಗಡಿಯವರು ಸುಮ್ನೆ ಕೊಟ್ಟರು. ಒಳಗೆ ಅಡುಗೆಮನೆಯ ಫಾಯಿಲ್. ಅಂಟಿಸುವುದು ನಿಮಗೇ ಕಾಣುತ್ತಿದೆ. ಹೊಳೆಯುವ ಬದಿ ಯಾವ ಕಡೆ ಅಂತ ಕೇಳಬೇಡಿ, ದೊಡ್ಡ ವ್ಯತ್ಯಾಸ ಏನೂ ಇಲ್ಲ.

ಈಗ ಎಲ್‌ಇಡಿ ಪಟ್ಟಿಯ ಕಥೆ. ಆನ್‌ಲೈನಲ್ಲಿ ತರಿಸಿದ್ದು, 349 ರೂಪಾಯಿ. 5 ಮೀಟರ್ ಸುರುಳಿ, 300 ಪುಟ್ಟ ದೀಪ. ಅಡಾಪ್ಟರ್ ಬೇರೆ, ಅದಕ್ಕೆ 220. ಬೆನ್ನಿಗೇ ಗೋಂದಿದೆ, ಸಿಪ್ಪೆ ತೆಗೆದು ಒತ್ತಿದರೆ ಸಾಕು ಅಂತ ಬರೆದಿದ್ದರು. ಒತ್ತಿದೆ. ಅಂಟಿತು. ಚಹಾ ಕುಡಿದು ಬಂದೆ, ಒಂದು ಮೂಲೆ ಜೋತಾಡುತ್ತಿತ್ತು. ಮತ್ತೆ ಒತ್ತಿದೆ. ಇನ್ನೊಂದು ಮೂಲೆ. ನಮ್ಮಲ್ಲಿ ಮಳೆಗಾಲದಲ್ಲಿ ಉಪ್ಪಿನ ಡಬ್ಬಿಯೇ ನೀರಾಗುತ್ತದೆ, ಗೋಂದು ನಿಲ್ಲುತ್ತದಾ? ಡಬಲ್ ಟೇಪ್ ತಂದೆ, 40 ರೂಪಾಯಿ. ರಾತ್ರಿ ಪೂರ್ತಿ ನಿಂತಿತು. ಬೆಳಿಗ್ಗೆ ಪ್ರಯೋಗ ಶುರು ಮಾಡಿ, ಮಕ್ಕಳೆಲ್ಲ ಬಗ್ಗಿ ನೋಡುತ್ತಿರುವಾಗ, ಇಡೀ ಪಟ್ಟಿ ಹಾವಿನ ಹಾಗೆ ಜಾರಿ ಬೀಕರಿನೊಳಗೆ ಬಿತ್ತು. ನೀರೊಳಗೂ ಉರಿಯುತ್ತಲೇ ಇತ್ತು! ಚೀರಾಟ ಕೇಳಿ ಪಕ್ಕದ ಕ್ಲಾಸಿನವರೂ ಬಂದರು.

12 ವೋಲ್ಟ್ ಆದ್ದರಿಂದ ಬಚಾವ್. ಇದೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮನೆಯ 230 ವೋಲ್ಟ್ ಬಲ್ಬನ್ನು ನೀರಿನ ಮೇಲೆ ನೇತುಹಾಕಲೇಬೇಡಿ. ಅಡಾಪ್ಟರನ್ನೂ ದೂರ ಇಡಿ.

ಕೊನೆಗೆ ನಮ್ಮ ಅಟೆಂಡರ್ ಅಣ್ಣ ಗೋಣಿ ಹೊಲಿಯುವ ದಬ್ಬಣ ತಂದರು. ರಟ್ಟಿಗೆ ತೂತು ಹಾಕಿ, ದಾರದಲ್ಲಿ ಪಟ್ಟಿಯನ್ನು ಹೊಲಿದೇಬಿಟ್ಟರು. ಖರ್ಚು ಸೊನ್ನೆ. ಇನ್ನೇನು ಬೇಕು ಹೇಳಿ.

ಗಿಡ ಬೆಳೆಸುವ ಪಿಂಕ್ ಬಣ್ಣದ ಗ್ರೋ ಲೈಟ್ ತಗೊಳ್ಳಬೇಕಿತ್ತಾ? ದುಡ್ಡು ದಂಡ. ಕಣ್ಣೂ ಉರಿ. ಅಲ್ಲ, ಪೂರ್ತಿ ದಂಡ ಅನ್ನಲಾಗದು. ಎಲೆ ಜಾಸ್ತಿ ಹೀರುವುದು ಕೆಂಪು, ನೀಲಿ ಬೆಳಕನ್ನೇ. ಆದರೆ ಈ ಬಿಳಿ ಎಲ್‌ಇಡಿಯ ಒಳಗಿರುವುದೂ ನೀಲಿ ಬೆಳಕೇ, ಮೇಲೊಂದು ಹಳದಿ ಲೇಪ. ನಮಗೆ ಇದು ಸಾಕು.

ಹೈಡ್ರಿಲಾ ಸದ್ಯಕ್ಕೆ ಬಿಟ್ಟೆ. ಕೆರೆ ಉಕ್ಕಿದೆ, ಯಾರು ಇಳಿಯುತ್ತಾರೆ? ಇದು ಪಾಲಕ್. ಬಸಳೆ ಹಾಕಿ ನೋಡಿದೆ, ಬರೀ ಲೋಳೆ. ಅಂದಹಾಗೆ ಬಸಳೆ ಸಾರಿಗೆ ಹಲಸಿನ ಬೀಜ ಹಾಕದವರ ಮನೆಯಲ್ಲಿ ನಾನು ಊಟ ಮಾಡಲ್ಲ. ಅಯ್ಯೋ, ಸಿರಿಂಜ್ ಬಂತು.

ಸ್ಟ್ರಾ ಒತ್ತಿ ಹತ್ತು ಬಿಲ್ಲೆ ತೆಗೆದಿದ್ದೇನೆ. ಒಂದು ಲೀಟರ್ ನೀರಿಗೆ 2 ಗ್ರಾಂ ಅಡುಗೆ ಸೋಡಾ, ಇಂಗಾಲದ ಡೈಆಕ್ಸೈಡ್ ಸಿಗಲಿ ಅಂತ. ಪಾತ್ರೆ ತೊಳೆಯುವ ಸೋಪು ಒಂದೇ ತೊಟ್ಟು. ಬಿಲ್ಲೆಗಳನ್ನು ಈ ನೀರಿನ ಜೊತೆ ಸಿರಿಂಜಿಗೆ ಹಾಕಿ, ಬಾಯಿಗೆ ಬೆರಳಿಟ್ಟು ಸಿರಿಂಜಿನ ಹಿಡಿಯನ್ನು ಎಳೆದರೆ ಎಲೆಯೊಳಗಿನ ಗಾಳಿ ಹೊರಬರುತ್ತದೆ, ಬಿಟ್ಟರೆ ಆ ಜಾಗಕ್ಕೆ ನೀರು ನುಗ್ಗುತ್ತದೆ. ಬೀಕರಿಗೆ ಸುರಿದೆ, ಬಿಲ್ಲೆ ಮುಳುಗಿತು. ಇನ್ನು ಬೆಳಕಿನಲ್ಲಿ ಆಮ್ಲಜನಕ ತುಂಬಿಕೊಂಡರೆ ತೇಲಬೇಕು.

ನಾಲ್ಕು ನಿಮಿಷ. ಏನೂ ಇಲ್ಲ. ಏಳು ನಿಮಿಷ. ಏನೂ ಇಲ್ಲ, ಒಬ್ಬ ಆಕಳಿಸಿದ. ಒಂಬತ್ತಕ್ಕೆ ಒಂದು ಬಿಲ್ಲೆ ಅಂಚೆತ್ತಿ ನಿಂತಿತು ನೋಡಿ, ಅಗೋ, ಬಂತು! ಹದಿನಾಲ್ಕಕ್ಕೆ ಐದು. ಗುಳ್ಳೆ ಎಣಿಸುವುದಕ್ಕಿಂತ ಇದೇ ಚೆನ್ನ. ಗುಳ್ಳೆ ದೊಡ್ಡದೋ ಚಿಕ್ಕದೋ ಅಂತ ಜಗಳ ಇಲ್ಲ. ಪೆಟ್ಟಿಗೆಯ ತಳಕ್ಕೆ ಪುಸ್ತಕ ಜೋಡಿಸಿ ಬೀಕರ್ ಎತ್ತರಿಸಿದರೆ ಇನ್ನೂ ಬೇಗ ತೇಲುತ್ತವೆ. ಈಗ ಅದನ್ನೇ ತೋರಿಸು...

ಹೋಯ್ತು ಕರೆಂಟ್.

ಇದು ಮೊಬೈಲ್ ಟಾರ್ಚಿನಲ್ಲಿ ತೆಗೆದದ್ದು, ಅರ್ಧ ಗಂಟೆಯ ಮೇಲಾಗಿದೆ. ಬೈಯುತ್ತಾ ಕೂತಿದ್ದೆ, ಒಬ್ಬಳು ಕರೆದಳು, "ಮೇಡಂ, ಎರಡು ಕೆಳಗಿಳಿದಿವೆ." ಹೌದು! ಕತ್ತಲಲ್ಲಿ ಎಲೆ ಉಸಿರಾಡಿ ಆ ಆಮ್ಲಜನಕವನ್ನೇ ಖರ್ಚು ಮಾಡುತ್ತಿದೆ. ಈ ಪಾಠ ಮುಂದಿನ ವಾರಕ್ಕೆ ಇಟ್ಟುಕೊಂಡಿದ್ದೆ. ಮೂರನೆಯದೂ ಇಳಿಯುತ್ತಿದೆ, ಇರಿ, ಟಾರ್ಚ್ ಆರಿಸುತ್ತೇನೆ, ಇಲ್ಲದಿದ್ದರೆ ಮತ್ತೆ ಮೇಲೆ ಬಂ