ಘಟ್ಟದಾಗ ಮಳಿ, ನಮ್ಮೂರಾಗ ಮಹಾಪೂರ: ಒಂದು ದಿನ ಮೊದಲ ಗೊತ್ತಾದ್ರ ಏನ್ ಆಗ್ತೈತಿ?

ನಮಸ್ಕಾರ್ರೀ ಎಲ್ಲಾರಿಗೂ. ಇವತ್ತಿನ ವಿಡಿಯೋ ಹೊಳಿ ದಂಡಿ ಮಂದಿಗೆ. ಚಿಕ್ಕೋಡಿ, ಅಥಣಿ, ಗೋಕಾಕ, ರಾಮದುರ್ಗ, ಜಮಖಂಡಿ, ಮುಧೋಳ ಕಡೆಯವ್ರು ಪೂರ್ತಿ ನೋಡ್ರಿ. ಊರಾಗ ಹನಿ ಮಳಿ ಇರೂದಿಲ್ಲ, ಬಿಸಿಲು ಬಿದ್ದಿರ್ತೈತಿ, ಆದ್ರೂ ಹೊಳಿ ತುಂಬಿ ಕಬ್ಬಿನ ಹೊಲಕ್ಕ ನುಗ್ತೈತಿ. ಯಾಕ ಹಿಂಗ ಆಗ್ತೈತಿ?

[ಮ್ಯಾಪ್ ತೋರಿಸು]

ಇಲ್ಲಿ ಮಹಾಬಳೇಶ್ವರ ನೋಡ್ರಿ, ಕೃಷ್ಣಾ ಹುಟ್ಟೂದು ಇಲ್ಲೇ. ಇಲ್ಲಿ ವರ್ಷಕ್ಕ 5,000 ಮಿಲಿಮೀಟರ್ ಮೀರಿ ಮಳಿ ಬೀಳ್ತೈತಿ, ನಮ್ಮ ವಿಜಯಪುರಕ್ಕ ಸುಮಾರು 600. ಕೊಯ್ನಾ, ವಾರಣಾ, ಪಂಚಗಂಗಾ, ದೂಧಗಂಗಾ ಎಲ್ಲಾ ಸಹ್ಯಾದ್ರಿ ನೀರು ತಂದು ಕೃಷ್ಣಾಕ್ಕ ಹಾಕ್ತಾವ, ಆ ನೀರೆಲ್ಲಾ ಚಿಕ್ಕೋಡಿ ಕಡೆಯಿಂದ ಒಳಗ ಬಂದು ಆಲಮಟ್ಟಿಗೆ ಮುಟ್ತೈತಿ. ಘಟಪ್ರಭಾ, ಮಲಪ್ರಭಾ ಹುಟ್ಟೂದೂ ಘಟ್ಟದಾಗನ. ಅಂದ್ರ ನಮ್ಮ ತಲಿ ಮ್ಯಾಲಿನ ಮೋಡ ನೋಡಿ ನಮ್ಮ ಮಹಾಪೂರ ಹೇಳಾಕ ಬರೂದಿಲ್ಲ.

2019ರ ಆಗಸ್ಟ್ ಯಾರೂ ಮರ್ತಿಲ್ಲ. ಗೋಕಾಕಿನಾಗ, ರಾಮದುರ್ಗದಾಗ ಮನಿ ಮುಳಗಿದ್ವು, ಪಟ್ಟದಕಲ್ಲಿನ ಗುಡಿಗೋಳಿಗೂ ನೀರು ಬಂತು, ಆಲಮಟ್ಟಿಯಿಂದ 5 ಲಕ್ಷ ಕ್ಯೂಸೆಕ್ ಮೀರಿ ನೀರು ಬಿಟ್ರು. ಕ್ಯೂಸೆಕ್ ಅಂದ್ರ ಒಂದು ಸೆಕೆಂಡಿಗೆ ಒಂದು ಘನ ಅಡಿ. 5 ಲಕ್ಷ ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದ್ರ 43 ಟಿಎಂಸಿ ಆಗ್ತೈತಿ, ಒಂದು ಟಿಎಂಸಿ ಅಂದ್ರ 100 ಕೋಟಿ ಘನ ಅಡಿ. ಮಲಪ್ರಭಾದ ನವಿಲುತೀರ್ಥ ಡ್ಯಾಂ ಕಂಠಮಟ್ಟ ತುಂಬಿದ್ರೂ 38ರ ಒಳಗ!

ಈಗ ಮುಖ್ಯ ವಿಷಯಕ್ಕ ಬರೂಣು. ಘಟ್ಟದಾಗ ಭಾರಿ ಮಳಿ ಐತಿ ಅಂತ ಮೊದಲ ಗೊತ್ತಾತು ಅನ್ರಿ, ಡ್ಯಾಮಿನವ್ರು ನೀರು ಬರೂದ್ರೊಳಗ ಗೇಟ್ ತಗದು ಜಾಗ ಮಾಡಬಹುದು. 2 ಲಕ್ಷ ಕ್ಯೂಸೆಕ್‌ನಂಗ ಬಿಟ್ರ ಒಂದು ದಿನಕ್ಕ 17 ಟಿಎಂಸಿ ಹೊರಗ ಹೋಗ್ತೈತಿ, ಒಳಹರಿವು ಎಷ್ಟೈತಿ ಅದನ್ನ ಕಳದ್ರ ಉಳದದ್ದು ನಮಗ ಸಿಕ್ಕ ಜಾಗ. ಒಂದು ದಿನ ಮೊದಲ ಸಿಕ್ಕ ಮುನ್ಸೂಚನೆ ಬೆಲಿ ಅಂದ್ರ ಇದ, ಮತ್ತ ಅಷ್ಟರಾಗ ದನಕರ, ಮುದುಕರು, ಬಾಣಂತ್ಯಾರನ್ನ ಹೊರಗ ಕರ್ಕೊಂಡು ಬರಾಕೂ ಟೈಮ್ ಸಿಗ್ತೈತಿ.

"ಹಂಗಾದ್ರ ಜುಲೈದಾಗನ ಡ್ಯಾಂ ಖಾಲಿ ಇಡಬೇಕಿತ್ತಲ್ರೀ" ಅಂತ ಭಾಳ ಮಂದಿ ಕೇಳ್ತಾರ. ಇಡಬಹುದು, ಆದ್ರ ಆಮ್ಯಾಲ ಮಳಿ ಕೈ ಕೊಟ್ರ? 2023ರಾಗ ಹಂಗ ಆತು ನೋಡ್ರಿ, ರಾಜ್ಯದ 236 ತಾಲ್ಲೂಕಿನಾಗ 223 ಬರಗಾಲ ಪೀಡಿತ ಅಂತ ಘೋಷಣೆ ಮಾಡಿದ್ರು. ಬಿಟ್ಟ ನೀರು ತಿರುಗಿ ಬರೂದಿಲ್ಲ, ಬ್ಯಾಸಗ್ಯಾಗ ವಿಜಯಪುರದ ಕಾಲುವಿಗೆ ಎಲ್ಲಿಂದ ತರೂದು? ಅದಕ್ಕ ಗೇಟ್ ಎತ್ತೂ ಎಂಜಿನಿಯರ್‌ಗೆ "ಮಳಿ ಬರ್ತೈತಿ" ಅಂದ್ರ ಸಾಲೂದಿಲ್ಲ, ಎಷ್ಟು ಗ್ಯಾರಂಟಿ ಅನ್ನೂದೂ ಬೇಕು.

ಅದನ್ನ ಹೆಂಗ ಹೇಳ್ತಾರಂದ್ರ, ಇವತ್ತಿನ ಗಾಳಿ, ಬಿಸಿ, ತೇವ ಎಲ್ಲಾ ಸೂಪರ್ ಕಂಪ್ಯೂಟರಿಗೆ ಹಾಕಿ ಮುಂದಿನ ದಿನಗಳ ಲೆಕ್ಕ ತಗೀತಾರ. ಆದ್ರ ಅರಬ್ಬಿ ಸಮುದ್ರದ ಮ್ಯಾಲ ಗೇಣುಗೇಣಿಗೆ ಮೀಟರ್ ಇಡಾಕ ಆಗೂದಿಲ್ಲ, ಹಂಗಾಗಿ ಅಳತ್ಯಾಗ ಸಣ್ಣ ವ್ಯತ್ಯಾಸ ಇದ್ದ ಇರ್ತೈತಿ, ಅದಕ್ಕ ಅಂಕಿ ಸ್ವಲ್ಪ ಸ್ವಲ್ಪ ಬದಲಿಸಿ ಅದ ಲೆಕ್ಕಾನ ಹತ್ತಾರು ಸಲ ಓಡಸ್ತಾರ. 10ರಾಗ 8 ಸಲ ಘಟ್ಟದಾಗ ಜೋರ್ ಮಳಿ ಅಂತ ಬಂದ್ರ ನಿರ್ಧಾರ ಒಂದು, 2 ಸಲ ಅಷ್ಟ ಬಂದ್ರ ನಿರ್ಧಾರ ಬ್ಯಾರೆ. "ಹವಾಮಾನದವ್ರು ಹೇಳಿದ್ದು ಸುಳ್ಳಾತು" ಅಂತ ಬೈಯೂ ಮುಂಚೆ ಅವ್ರು ಎಷ್ಟು ಪರ್ಸೆಂಟ್ ಹೇಳಿದ್ರು ಅಂತ ನೋಡ್ರಿ, ಇದು ನನ್ನ ಕಳಕಳಿಯ ವಿನಂತಿ.

ಸಹ್ಯಾದ್ರಿ ಅಗಲ ಕಡಿಮೆ, ಈ ಕಡೆ ಇಳದ್ರ ಕೆಲವ ಕಿಲೋಮೀಟರಿನಾಗ ಮಳಿ ಪ್ರಮಾಣ ಧಡಕ್ಕನ ಇಳೀತೈತಿ. ಈ ಮೊದಲ ನಮ್ಮ ದೇಶದ ಹವಾಮಾನ ಲೆಕ್ಕದ ಮಾಡೆಲ್ 12 ಕಿಲೋಮೀಟರ್ ಚೌಕಟ್ಟಿನಾಗ ಲೆಕ್ಕ ಮಾಡ್ತಿತ್ತು, ಅಷ್ಟು ದೊಡ್ಡ ಚೌಕಟ್ಟಿನಾಗ ಘಟ್ಟದ ನೆತ್ತಿ, ಈಚಿನ ಬಯಲು ಎರಡೂ ಕಲಸಿ ಹೋಗ್ತಾವ. 2025ರ ಮೇದಾಗ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ 6 ಕಿಲೋಮೀಟರಿಗೆ ಇಳಿಸೈತಿ. ಪುಣೆದ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ವಿಜ್ಞಾನಿಗಳ ಕೆಲಸ ಇದು, ನಮ್ಮ ಹೊಳಿಗೆ ನೇರ ಸಂಬಂಧ ಐತಿ.

ನೆಲದ ಮ್ಯಾಲೂ ಕೆಲಸ ನಡದೈತಿ. ಗ್ರಾಮ ಪಂಚಾಯತಿಗಳಾಗ ಮಳಿ ಅಳಿಯೂ ಮಷೀನ್ ಇರ್ತಾವಲ್ಲ, ಅದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು, 15 ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಲೆಕ್ಕ ಕಳಸ್ತೈತಿ. ದಯವಿಟ್ಟು ಅದಕ್ಕ ದನ ಕಟ್ಟಬ್ಯಾಡ್ರಿ, ಬಟ್ಟಿ ಒಣ ಹಾಕಬ್ಯಾಡ್ರಿ.

ಇನ್ನ ಸಿಡಿಲು. ಏಪ್ರಿಲ್, ಮೇದಾಗ ಕುರಿ ಕಾಯೂ ಹುಡುಗರು ಗಿಡದ ಕೆಳಗ ನಿಂತು ಸಾಯ್ತಾರ, ಕೇಳಿದ್ರ ಹೊಟ್ಟಿ ಉರೀತೈತಿ. ದಾಮಿನಿ ಆಪ್ ಹಾಕ್ಕೊಂಡ್ರ ಸುತ್ತ 20, 40 ಕಿಲೋಮೀಟರಿನಾಗ ಎಲ್ಲಿ ಸಿಡಿಲು ಬೀಳಾಕತ್ತೈತಿ ಅಂತ ತೋರಸ್ತೈತಿ. ಗುಡುಗು ಕೇಳ್ತಂದ್ರ ಪಕ್ಕಾ ಮನಿಯೊಳಗ ಹೋಗ್ರಿ, ಗಿಡದ ಕೆಳಗ ಮಾತ್ರ ಬ್ಯಾಡ.

ಆದ್ರ ಆಪ್ ಇಲ್ಲದ ಕುರಿಗಾಹಿಗೆ ಯಾರು ಹೇಳ್ಬೇಕು? ನನಗ ದೊಡ್ಡ ಕೊರತಿ ಕಾಣೂದು ಇಲ್ಲೇ. "204.4 ಮಿಲಿಮೀಟರ್ ಮೀರಿ ಮಳಿ, ರೆಡ್ ಅಲರ್ಟ್" ಅಂದ್ರ ಹೊಳಿ ದಂಡಿ ಆಯಿಗೆ ಏನ್ ತಿಳೀಬೇಕು? "ಇಷ್ಟು ಲಕ್ಷ ಕ್ಯೂಸೆಕ್ ಬಂದ್ರ ನಿಮ್ಮ ಓಣಿಗೆ ನೀರು ಬರ್ತೈತಿ, ಇಂಥಾ ಸಾಲಿಗೆ ಹೋಗ್ರಿ" ಅಂತ ಹೇಳ್ಬೇಕು, ಗುಡಿ ಮೈಕಿನಾಗ ಹೇಳ್ಬೇಕು, ಡಂಗುರ ಸಾರ್ಬೇಕು.

ಮುಂದಿನ ಗ್ರಾಮಸಭಾಕ್ಕ ಹೋದಾಗ ಎರಡು ಕೇಳ್ರಿ: 2019ರ ನೀರು ಎಲ್ಲಿತನಕ ಬಂದಿತ್ತು ಅಂತ ಓಣಿಓಣಿಗೆ ಗೋಡಿ ಮ್ಯಾಲ ಗುರುತು ಹಾಕಸ್ರಿ ಅಂತ, ಮತ್ತ ರಾತ್ರಿ ಅಲರ್ಟ್ ಬಂದ್ರ ಮೈಕ್ ಹಚ್ಚೂದು ಯಾರ ಜವಾಬ್ದಾರಿ ಅಂತ. ಉತ್ತರ ಏನ್ ಸಿಕ್ತು ಕಮೆಂಟಿನಾಗ ಊರ ಹೆಸರಿನ ಸಮೇತ ಬರೀರಿ.